ಎಳೆಯುವವರೇ ಎಲ್ಲ, ಬಿಚ್ಚುವವರಿಲ್ಲ

ಅಡಿಕೆ ತೋಟದ ಹುಲ್ಲು ಮೊಣಕಾಲು ಮುಟ್ಟಿತೆಂದರೆ ಮಲೆನಾಡಿನ ಅಂಗಳಗಳಲ್ಲಿ ಒಂದು ಪಂದ್ಯಾವಳಿ ಶುರುವಾಗುತ್ತದೆ. ಒಂದು ಕಡೆ ಮನೆಯ ಗಂಡಸರು, ಇನ್ನೊಂದು ಕಡೆ ಹೋದ ದೀಪಾವಳಿಯಿಂದ ಕೊಟ್ಟಿಗೆ ಮೂಲೆಯಲ್ಲಿ ಮಲಗಿದ್ದ ಹಳೇ ಹುಲ್ಲು ಹೊಡೆಯುವ ಮಷಿನ್. ನಡುವೆ ಒಂದು ಹಗ್ಗ. ಅದನ್ನು ಎಳೆದರೆ ಇಂಜಿನ್ ಚಾಲೂ ಆಗಬೇಕು ಎಂಬುದು ಮಷಿನ್ ಮಾಡಿದವರ ಅಭಿಪ್ರಾಯ. ಎಳೆಯುವುದಷ್ಟೇ ನಮ್ಮ ಕರ್ತವ್ಯ, ಚಾಲೂ ಆಗುವುದು ದೈವೇಚ್ಛೆ ಎಂಬುದು ನಮ್ಮದು.

ಮೊದಲ ಸರದಿ ಯಜಮಾನರದು. ಪಂಚೆ ಮೇಲೆತ್ತಿ ಕಟ್ಟಿ, ಹಲ್ಲು ಕಚ್ಚಿ ಎಳೆಯುತ್ತಾರೆ. ಹಗ್ಗ ಸರಾಗವಾಗಿ ಹೊರಗೆ ಬರುತ್ತದೆ. ಇಂಜಿನ್‌ಗೆ ಮಾತ್ರ ಸುದ್ದಿಯೇ ಮುಟ್ಟುವುದಿಲ್ಲ. ಹೊರಬಂದ ಹಗ್ಗ ಒಳಗೂ ಹೋಗದೆ, ಬಿಸಿಲಲ್ಲಿ ಮಲಗಿದ ನಾಯಿಯ ನಾಲಗೆಯ ಹಾಗೆ ಜೋತಾಡುತ್ತದೆ. ಅಷ್ಟರಲ್ಲಿ ವೈದ್ಯಮಂಡಳಿ ನೆರೆದಿರುತ್ತದೆ. 'ಭಾವ, ಚೋಕ್ ಹಾಕಿದೀರಾ?' 'ಪ್ಲಗ್ ಬಿಚ್ಚಿ ಉಜ್ಜಿ ಮಾರಾಯ್ರೇ.' 'ಪೆಟ್ರೋಲಿಗೆ ಆಯಿಲ್ ಜಾಸ್ತಿ ಸುರಿದಿರಬೇಕು, ನಾನು ಆವತ್ತೇ ಹೇಳಿದ್ದೆ.' ಕಾರ್ಬ್ಯುರೇಟರ್ ಬಗ್ಗೆ ಉಪನ್ಯಾಸವೊಂದು ನಡೆಯುತ್ತದೆ. ಹಗ್ಗ ಯಾಕೆ ಒಳಗೆ ಹೋಗಲಿಲ್ಲ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಆಮೇಲೆ ಮಗ, ಅಳಿಯ, ಪಕ್ಕದ ತೋಟದವರು, ಹೀಗೆ ವಯಸ್ಸು ಮತ್ತು ಮರ್ಯಾದೆಯ ಕ್ರಮದಲ್ಲಿ ಎಲ್ಲರೂ ಎಳೆಯುತ್ತಾರೆ. ಕಡೆಗೆ ಜಗಲಿಯಿಂದ ತೀರ್ಪು ಬರುತ್ತದೆ: 'ಈಗಿನವರ ರಟ್ಟೆಯಲ್ಲಿ ಏನೂ ಇಲ್ಲ.'

ಹಗ್ಗ ಹೋಗಿ ಸೇರುವ ಆ ಡಬ್ಬಿ ಅಂಗೈಯಗಲದ್ದು. ಮೂರೋ ನಾಲ್ಕೋ ಸ್ಕ್ರೂ. ಒಳಗೆ ಹಗ್ಗ ಸುತ್ತಿಕೊಳ್ಳುವ ಒಂದು ಪುಟ್ಟ ರಾಟೆ, ಅದನ್ನು ಹಿಂದಕ್ಕೆ ತಿರುಗಿಸುವ ಸುರುಳಿ ಸ್ಪ್ರಿಂಗ್, ಎಳೆದಾಗ ಮಾತ್ರ ಇಂಜಿನ್ನನ್ನು ಕಚ್ಚಿಕೊಳ್ಳುವ ಒಂದೆರಡು ಕೊಕ್ಕೆ. ಹಗ್ಗ ಬಂದರೂ ಇಂಜಿನ್ ತಿರುಗದಿದ್ದರೆ ಸಾಮಾನ್ಯವಾಗಿ ಆ ಕೊಕ್ಕೆಗಳು ಒಣಗಿದ ಗ್ರೀಸು, ಹುಲ್ಲಿನ ಪುಡಿಯಲ್ಲಿ ಅಂಟಿ ಕೂತಿವೆ ಎಂದರ್ಥ. ಹಗ್ಗ ಒಳಗೆ ಹೋಗದಿದ್ದರೆ ಸ್ಪ್ರಿಂಗ್ ಮುರಿದಿದೆ, ಕಳಚಿದೆ, ಇಲ್ಲವೇ ರಾಟೆ ಕೊಳೆಯಲ್ಲಿ ಸಿಕ್ಕಿಕೊಂಡಿದೆ. ಎಳೆಯಲೇ ಆಗದಿದ್ದರೆ ಡಬ್ಬಿಯನ್ನು ಬಿಚ್ಚಿ ಕೈಯಲ್ಲಿ ಹಿಡಿದು ಎಳೆದು ನೋಡಿದರೆ ಸಾಕು. ಕೈಯಲ್ಲಿ ಹಗುರವಾಗಿ ಬಂದರೆ ತಪ್ಪು ಅದರದ್ದಲ್ಲ, ಇಂಜಿನ್ನಿನದು. ಪಿಸ್ಟನ್ ಹಿಡಿದಿರಬಹುದು, ಸಿಲಿಂಡರಿಗೆ ಪೆಟ್ರೋಲು ಇಳಿದು ತುಂಬಿರಬಹುದು. ಇಷ್ಟು ತಿಳಿಯಲು ಬೇಕಾದದ್ದು ಒಂದು ಸ್ಕ್ರೂಡ್ರೈವರ್. ಆದರೆ ಸ್ಕ್ರೂಡ್ರೈವರ್ ಹಿಡಿದರೆ ಯಜಮಾನಿಕೆಗೆ ಕುಂದು, ರಟ್ಟೆ ತೋರಿಸಿದರೆ ಗೌರವ.

ಕಂಪನಿಯ ಪುಸ್ತಕವೂ ಮನೆಯಲ್ಲೇ ಇರುತ್ತದೆ, ಪ್ಲಾಸ್ಟಿಕ್ ಕವರು ಹರಿಯದೆ. ಮೊದಲು ಹಗ್ಗವನ್ನು ಮೆಲ್ಲಗೆ ಎಳೆದು, ಬಿಗಿ ಸಿಕ್ಕ ಮೇಲೆ ಒಮ್ಮೆ ಚುರುಕಾಗಿ ಎಳೆಯಿರಿ, ತುದಿಯವರೆಗೂ ಎಳೆಯಬೇಡಿ, ಹಿಡಿಯನ್ನು ಫಟ್ಟನೆ ಬಿಡದೆ ಕೈಯಲ್ಲೇ ಒಳಗೆ ಕಳಿಸಿ ಎಂದೆಲ್ಲ ಅದರಲ್ಲಿರುತ್ತದೆ. ನಮ್ಮ ಶೈಲಿ ಬೇರೆ. ಮೊದಲ ಏಟಿಗೇ ಹಗ್ಗದ ಬುಡ ಕಾಣಬೇಕು, ಬಿಟ್ಟಾಗ 'ಟಪ್' ಎಂಬ ಸದ್ದು ಪಕ್ಕದ ಮನೆಗೆ ಕೇಳಬೇಕು. ಹೀಗೆ ವರ್ಷಗಟ್ಟಲೆ ಪೌರುಷ ತೋರಿಸಿದ ಮೇಲೆ ಸ್ಪ್ರಿಂಗ್ ಮುರಿದರೆ ಅದು ಚೀನಾದ ಮಾಲು.

ಅಜ್ಜಂದಿರ ಕಾಲದ ಸೀಮೆಎಣ್ಣೆ ಪಂಪ್‌ಸೆಟ್ಟಿಗೆ ಈ ರೋಗವಿರಲಿಲ್ಲ. ಗಂಟು ಹಾಕಿದ ಬಿಡಿ ಹಗ್ಗವನ್ನು ಚಕ್ರಕ್ಕೆ ಪ್ರತಿ ಸಲವೂ ಕೈಯಲ್ಲೇ ಸುತ್ತಿ ಎಳೆಯಬೇಕು, ಪೆಟ್ರೋಲಿನಲ್ಲಿ ಚಾಲೂ ಆದ ಮೇಲೆ ಸೀಮೆಎಣ್ಣೆಗೆ ತಿರುಗಿಸಬೇಕು. ಮುರಿಯಲು ಸ್ಪ್ರಿಂಗೇ ಇಲ್ಲ. ಹಗ್ಗ ಹರಿದರೆ ದನದ ಕಣ್ಣಿಯೂ ನಡೆಯುತ್ತಿತ್ತು. ಆ ಅನುಭವದ ಬಲದಿಂದಲೇ ಇಂದಿಗೂ ನಾವು ಹುಲ್ಲಿನ ಮಷಿನ್‌ಗೆ ಬಾವಿ ಹಗ್ಗ ಸಿಕ್ಕಿಸುತ್ತೇವೆ. ಅದಕ್ಕೆ ಬೇಕಾದದ್ದು ಮೂರು–ನಾಲ್ಕು ಮಿಲಿಮೀಟರ್ ದಪ್ಪದ ಹೆಣೆದ ನೈಲಾನ್ ಹಗ್ಗ, ಮೀಟರ್ ಆಸುಪಾಸು ಉದ್ದ, ಬೆಂಕಿಕಡ್ಡಿಯಿಂದ ಕರಗಿಸಿ ಗಟ್ಟಿ ಮಾಡಿದ ತುದಿ, ಜಾರದ ಗಂಟು. ರಾಟೆಯನ್ನು ಎರಡು ಮೂರು ಸುತ್ತು ತಿರುಗಿಸಿ ಸ್ಪ್ರಿಂಗ್‌ಗೆ ಬಿಗಿ ಕೊಡಬೇಕು. ಹೆಚ್ಚು ಕೊಟ್ಟರೆ ಅದೇ ತುಂಡಾಗುತ್ತದೆ. ಸ್ಪ್ರಿಂಗ್ ಡಬ್ಬಿಯಿಂದ ಚಿಮ್ಮಿದರೆ ಆ ಉಕ್ಕಿನ ಪಟ್ಟಿ ಕೈ, ಕಣ್ಣು ನೋಡುವುದಿಲ್ಲ, ಹಾಗಾಗಿ ಕೈಗವಸು, ಕನ್ನಡಕ ಇರಲಿ. ಇಷ್ಟನ್ನೂ ಪಾಲಿಸಿದರೆ ಕಾಫಿ ಆರುವುದರೊಳಗೆ ಕೆಲಸ ಮುಗಿದು, ಊರಿನವರಿಗೆ ಮಾತಾಡಲು ವಿಷಯವೇ ಉಳಿಯುವುದಿಲ್ಲ. ಅದೊಂದು ಸಾಮಾಜಿಕ ನಷ್ಟ.

ಪೇಟೆಯ ಅಂಗಡಿಗೆ ಹೋದರೆ ಅಲ್ಲಿನದು ಇನ್ನೊಂದು ವೇದಾಂತ. 'ಸ್ಪ್ರಿಂಗ್ ಒಂದೇ ಬರಲ್ಲ ಸಾರ್, ಫುಲ್ ಸೆಟ್ ತಗೊಳ್ಳಿ.' ಮೂಗಿಗಿಂತ ಮೂಗುತಿ ಭಾರ ಎಂದು ಗೊಣಗಿ ದುಡ್ಡು ತೆಗೆದರೆ, 'ಆ ಮಾಡೆಲ್ ನಿಂತ್ಹೋಯ್ತಲ್ಲ' ಎನ್ನುತ್ತಾನೆ. ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರ ಜುಲೈನಲ್ಲಿ ದುರಸ್ತಿ ಹಕ್ಕಿಗಾಗಿ ಒಂದು ಸಮಿತಿ ಮಾಡಿತು. ಮೊಬೈಲ್, ವಾಹನಗಳ ಜತೆ ಕೃಷಿ ಉಪಕರಣಗಳನ್ನೂ ಪಟ್ಟಿಗೆ ಸೇರಿಸಿತು. ಅದೇ ಡಿಸೆಂಬರಿನಲ್ಲಿ ಪೋರ್ಟಲ್ಲೂ ಬಂತು. ಸಮಿತಿ ಬಂತು, ಪೋರ್ಟಲ್ ಬಂತು, ಇನ್ನು ಬರಬೇಕಾದದ್ದು ಸ್ಪ್ರಿಂಗ್ ಒಂದೇ.

ರಾಜ್ಯದ ಕೃಷಿ ಯಾಂತ್ರೀಕರಣ ಯೋಜನೆ ಇನ್ನೂ ಉದಾರಿ. ಹೊಸ ಯಂತ್ರ ಕೊಂಡರೆ ಸಾಮಾನ್ಯ ರೈತರಿಗೆ ಶೇ 50, ಪರಿಶಿಷ್ಟರಿಗೆ ಶೇ 90ರಷ್ಟು ಸಹಾಯಧನ. ಹಳೇ ಯಂತ್ರಕ್ಕೆ ಗಂಟು ಹಾಕಿದವರಿಗೆ ಯಾರೂ ಏನೂ ಕೊಡುವುದಿಲ್ಲ. ಅರ್ಜಿ ಬರೆದು, ಪಹಣಿ, ಆಧಾರ್ ಲಗತ್ತಿಸಿ, ಕಚೇರಿಯ ಮುಂದೆ ಕ್ಯೂ ನಿಲ್ಲುವ ತಾಳ್ಮೆಯಿರುವ ನಮಗೆ ನಾಲ್ಕು ಸ್ಕ್ರೂ ಬಿಚ್ಚುವಷ್ಟು ಪುರುಸೊತ್ತಿಲ್ಲ. ಹೊಸ ಮಷಿನ್ ಬರುತ್ತದೆ. ಹಾರ ಹಾಕಿ, ಅರಿಶಿನ ಕುಂಕುಮ ಹಚ್ಚಿ, ನಿಂಬೆಹಣ್ಣು ಕಟ್ಟಿ, ಮೊದಲ ದಿನವೇ ಬುಡದವರೆಗೂ ಎಳೆದು 'ಟಪ್' ಎಂದು ಬಿಡುತ್ತಾರೆ.

ಹಳೆಯದು ಗುಜರಿಗೆ. ಗುಜರಿಯವನು ಅದನ್ನು ತಕ್ಕಡಿಗೆ ಹಾಕುವ ಮೊದಲು ಹಗ್ಗವನ್ನು ಎರಡು ಬೆರಳಲ್ಲಿ ಮೆಲ್ಲಗೆ ಎಳೆದು, ಕಿವಿಗೊಟ್ಟು, ಜೇಬಿನಿಂದ ಸ್ಕ್ರೂಡ್ರೈವರ್ ತೆಗೆಯುತ್ತಾನೆ. ಡಬ್ಬಿ ಬಿಚ್ಚಿ ಊದುತ್ತಾನೆ, ಕಳಚಿದ್ದ ಸ್ಪ್ರಿಂಗ್ ತುದಿಯನ್ನು ಅದರ ಸಂದಿಗೆ ಸೇರಿಸುತ್ತಾನೆ, ಕೊಕ್ಕೆಗೆ ತೊಟ್ಟು ಎಣ್ಣೆ ಬಿಡುತ್ತಾನೆ. 'ಅಮ್ಮಾ, ಒಂದು ಮೀಟರ್ ಸಣ್ಣ ಹಗ್ಗ ಇದ್ರೆ ಕೊಡಿ' ಎಂದು ಒಳಗೆ ಕೂಗುತ್ತಾನೆ. ಹಗ್ಗ ಬರುತ್ತದೆ, ಮಷಿನ್ ಚಾಲೂ ಆಗುತ್ತದೆ, ಅಂಗಳವಿಡೀ ಹೊಗೆ. ಯಜಮಾನರು ಕೆಮ್ಮುತ್ತಲೇ ಜಗಲಿ ಇಳಿದು ಬಂದು, ಕಬ್ಬಿಣದ ತೂಕದ ದುಡ್ಡು ಎಣಿಸಿ ನೋಡಿ, 'ಹಗ್ಗದ್ದು ಹತ್ತು ರೂಪಾಯಿ ಬೇರೆ ಕೊಡಬೇಕಪ್ಪ' ಎಂದು ಚೌಕಾಸಿಗೆ ನಿಲ್ಲುತ್ತಾರೆ.