ಹಿಡಿಕೆ ಹಿಡಿದವನಿಗೆ ಪರೀಕ್ಷೆ, ಬೋರ್ಡು ಹಾಕಿದವನಿಗೆ ಹಾರ

ಸೆಪ್ಟೆಂಬರ್ 15ರ ಇಂಜಿನಿಯರ್‌ಗಳ ದಿನ ಬಂತೆಂದರೆ ವಿಶ್ವೇಶ್ವರಯ್ಯನವರ ಪಟಕ್ಕೆ ಹಾರ, ಇಂಜಿನಿಯರ್‌ಗಳಿಗೆ ಶಾಲು, ಅಧ್ಯಕ್ಷರಿಂದ ಎರಡು ಮಾತು. ಇಂಜಿನಿಯರ್ ಎಂದು ಕರೆದುಕೊಳ್ಳಲು ಯಾರಿಗೆ ಹಕ್ಕಿದೆ ಎಂದು ಮಾತ್ರ ಯಾವ ವೇದಿಕೆಯೂ ಕೇಳುವುದಿಲ್ಲ. ಕೇಳಿದರೆ ಅರ್ಧ ವೇದಿಕೆ ಖಾಲಿಯಾದೀತು. ಉತ್ತರಿಸಲು ಶಾಲಿನ ಆಸೆಯಿಲ್ಲದ ಒಬ್ಬರು ಬೇಕಿತ್ತು. ಸಿಕ್ಕಿದ್ದು ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯ ಒಂದು ವೈಂಡಿಂಗ್ ಇಂಜಿನ್. ಉಕ್ಕಿನ ಹಗ್ಗಕ್ಕೆ ಕಟ್ಟಿದ ಕೇಜಿನಲ್ಲಿ ಜನರನ್ನು ಶಾಫ್ಟಿಗೆ ಇಳಿಸಿ, ಮೇಲೆತ್ತಿ ತಂದ ಯಂತ್ರವಿದು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ನಿವೃತ್ತಿ. ತುಕ್ಕು ಹಿಡಿದಿದೆ, ನಾಲಿಗೆಗೆ ಹಿಡಿದಿಲ್ಲ.

ಪ್ರಶ್ನೆ: ನಿಮ್ಮ ಲೆಕ್ಕದಲ್ಲಿ ಇಂಜಿನಿಯರ್ ಯಾರು?

ಇಂಜಿನ್: ನಮ್ಮ ಮನೆಯಲ್ಲಿ ಆ ಪ್ರಶ್ನೆಯೇ ಏಳುತ್ತಿರಲಿಲ್ಲ ಸ್ವಾಮಿ. ಈ ಹಿಡಿಕೆಯ ಮೇಲೆ ಕೈ ಇಡುವ ಅಧಿಕಾರ ಯಾರಿಗಿದೆ ಎಂದಷ್ಟೇ ಕೇಳುತ್ತಿದ್ದರು. ನನ್ನ ಡ್ರೈವರನಿಗೆ ಕೇಜು ಕಾಣುತ್ತಿರಲಿಲ್ಲ, ಜನ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಎದುರಿನ ಆಳಸೂಚಿಯ ಮುಳ್ಳು, ಕೇಳುತ್ತಿದ್ದದ್ದು ಗಂಟೆ. ಮೂರು ಬಾರಿಸಿದರೆ ಮನುಷ್ಯರು ಹತ್ತುತ್ತಿದ್ದಾರೆ ಎಂದರ್ಥ. ಓಡುವಾಗ ಒಂದು ಬಾರಿಸಿದರೆ ಅಲ್ಲೇ ನಿಲ್ಲಿಸಬೇಕು. ಚಾಂಪಿಯನ್ ರೀಫ್ ಸುಮಾರು 3,200 ಮೀಟರ್ ಆಳ. ಅಷ್ಟಕ್ಕೂ ನಾನೊಬ್ಬನೇ ಇಳಿಸುತ್ತಿರಲಿಲ್ಲ, ನೆಲದೊಳಗೂ ನನ್ನ ಬಂಧುಬಳಗವಿತ್ತು. ಮುಳ್ಳು ಓದುವುದರಲ್ಲಿ ಒಂದು ಗಳಿಗೆ ಎಡವಿದರೆ ಕೇಜಿನಲ್ಲಿದ್ದ ಅಷ್ಟೂ ಮನೆಗಳ ದೀಪ ಆರುತ್ತಿತ್ತು. ಅದಕ್ಕೇ 1961ರ ಲೋಹ ಗಣಿ ನಿಯಮಾವಳಿ ವೈಂಡಿಂಗ್ ಇಂಜಿನ್ ಡ್ರೈವರನಿಗೆ ಪರೀಕ್ಷೆ ಇಟ್ಟು ಪ್ರಮಾಣಪತ್ರ ಕೊಟ್ಟಿತು. ಪತ್ರ ಇಲ್ಲದವನು ಚೀಫ್ ಇಂಜಿನಿಯರ್ ಆಗಿದ್ದರೂ ಹಿಡಿಕೆ ಮುಟ್ಟುವಂತಿರಲಿಲ್ಲ. ಪತ್ರ ಇದ್ದವನು ತನ್ನನ್ನು ಡ್ರೈವರ್ ಎನ್ನುತ್ತಾನೋ ಮಹಾರಾಜ ಎನ್ನುತ್ತಾನೋ, ಕಾನೂನಿಗೆ ಬೇಕಿರಲಿಲ್ಲ.

ಪ್ರಶ್ನೆ: ಬಂಗಾರಪೇಟೆಯಲ್ಲಿ ರೈಲಿಳಿದು ಪೇಟೆಬೀದಿಗೆ ಬಂದರೆ ‘ಇಂಜಿನಿಯರ್ಸ್ ಅಂಡ್ ಕಾಂಟ್ರಾಕ್ಟರ್ಸ್’ ಬೋರ್ಡುಗಳು ಕಾಣುತ್ತವೆ. ಅವರಿಗೂ ಇಂಥದ್ದೊಂದು ಪತ್ರ ಬೇಡವೇ?

ಇಂಜಿನ್: ಬೋರ್ಡಿಗೆ ಬೇಕಾದದ್ದು ಬಣ್ಣ, ಬರೆಯುವವನ ಕೂಲಿ, ಎರಡು ಮೊಳೆ. ವಕೀಲರಿಗೆ 1961ರ ಕಾಯಿದೆ ಇದೆ, ಚಾರ್ಟರ್ಡ್ ಅಕೌಂಟೆಂಟರಿಗೆ 1949ರದು, ವಾಸ್ತುಶಿಲ್ಪಿಗಳಿಗೆ 1972ರದು. ಇಂಜಿನಿಯರ್ ಎಂಬ ಹೆಸರಿಗೆ ಈ ದೇಶದಲ್ಲಿ ಅಂಥ ಕಾವಲಿಲ್ಲ. 1920ರಲ್ಲಿ ಹುಟ್ಟಿ 1935ರಲ್ಲಿ ರಾಜಸನ್ನದು ಪಡೆದ ಇನ್‌ಸ್ಟಿಟ್ಯೂಷನ್ ಆಫ್ ಇಂಜಿನಿಯರ್ಸ್ ‘ಚಾರ್ಟರ್ಡ್ ಇಂಜಿನಿಯರ್’ ಎಂಬ ಗೌರವ ಕೊಡುತ್ತದೆ. ಅದು ಪಡೆದವರಿಗೆ ಭೂಷಣ, ಪಡೆಯದವರಿಗೆ ಅಡ್ಡಿಯಲ್ಲ. ಎಲ್ಲ ಇಂಜಿನಿಯರ್‌ಗಳನ್ನೂ ನೋಂದಾಯಿಸುವ ಮಸೂದೆಯ ಕರಡುಗಳು ಬಂದವು, ಹೋದವು. ಹೀಗಾಗಿ ಅಣೆಕಟ್ಟು ಕಟ್ಟಿದವನೂ ಇಂಜಿನಿಯರ್, ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ಕೋಡ್ ಬರೆದು ರಾತ್ರಿ ಮರಳುವವನೂ ಇಂಜಿನಿಯರ್, ಬಿ.ಇ. ಮುಗಿಸಿ ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವವನೂ ಇಂಜಿನಿಯರ್.

ಪ್ರಶ್ನೆ: ಹಾಗಾದರೆ ವಾಸ್ತುಶಿಲ್ಪಿಗಳ ಹಾಗೆ ಆ ಹೆಸರಿಗೇ ಬೇಲಿ ಹಾಕಿಬಿಟ್ಟರೆ ಮುಗಿಯಿತಲ್ಲ?

ಇಂಜಿನ್: ಆ ಬೇಲಿ ಏನು ಕಾಯುತ್ತಿದೆ ಎಂದು 2020ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ನೋಯ್ಡಾ ಪ್ರಾಧಿಕಾರದ ಬಡ್ತಿಯ ವ್ಯಾಜ್ಯ. 1972ರ ಕಾಯಿದೆ ಕಾಯುವುದು ‘ಆರ್ಕಿಟೆಕ್ಟ್’ ಎಂಬ ಹೆಸರನ್ನು, ಆ ಕೆಲಸವನ್ನಲ್ಲ ಎಂದಿತು ನ್ಯಾಯಾಲಯ. ನೋಂದಣಿ ಇಲ್ಲದವರು ಕಟ್ಟಡ ವಿನ್ಯಾಸ ಮಾಡುವುದನ್ನು ಆ ಕಾಯಿದೆ ತಡೆಯುವುದಿಲ್ಲ. ಆ ಹೆಸರು ಹಾಕಿಕೊಳ್ಳುವುದನ್ನು ತಡೆಯುತ್ತದೆ, ಅಷ್ಟೆ. ಹುದ್ದೆಯ ಹೆಸರು ಬದಲಿಸಿ, ಕೆಲಸ ಮುಂದುವರಿಸಿ. ಗೋಡೆ ಬಿರುಕು ಬಿಡುವಾಗ ತನ್ನನ್ನು ವಿನ್ಯಾಸ ಮಾಡಿದವನ ಪದನಾಮ ಕೇಳುತ್ತದೆಯೇ? ಅಮೆರಿಕದ ಒರೆಗಾನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸ್ವೀಡನ್ನಿನಲ್ಲಿ ಎಲೆಕ್ಟ್ರಾನಿಕ್ಸ್ ಓದಿದ ಒಬ್ಬರು ಸಿಗ್ನಲ್ಲಿನ ಹಳದಿ ದೀಪದ ಅವಧಿ ತಪ್ಪು ಎಂದು ಲೆಕ್ಕ ಹಾಕಿ ತೋರಿಸಿದರು. ಲೈಸೆನ್ಸ್ ಮಂಡಳಿ ಲೆಕ್ಕ ಸರಿಯೇ ಎಂದು ನೋಡುವ ತಂಟೆಗೆ ಹೋಗದೆ, ಲೈಸೆನ್ಸ್ ಇಲ್ಲದೆ ಲೆಕ್ಕ ಹಾಕಿ ‘ನಾನು ಇಂಜಿನಿಯರ್’ ಎಂದದ್ದಕ್ಕೆ 500 ಡಾಲರ್ ದಂಡ ಹಾಕಿತು. 2018ರಲ್ಲಿ ಫೆಡರಲ್ ನ್ಯಾಯಾಲಯ ಮಂಡಳಿಯ ಕಿವಿ ಹಿಂಡಿತು. 2020ರಲ್ಲಿ ಅಲ್ಲಿನ ಸಂಚಾರ ಇಂಜಿನಿಯರ್‌ಗಳ ಸಂಸ್ಥೆ ಹಳದಿ ದೀಪದ ಸೂತ್ರವನ್ನೇ ತಿದ್ದಿತು. ಹೆಸರಿಗೆ ಬೇಲಿ ಹಾಕಿದರೆ ಕಳ್ಳ ಬೇರೆ ಹೆಸರಿನಲ್ಲಿ ಒಳಗೆ ಬರುತ್ತಾನೆ, ಬೆಂಕಿ ಬಿದ್ದಿದೆ ಎಂದು ಕೂಗುವವನು ಹೊರಗೆ ಉಳಿಯುತ್ತಾನೆ.

ಪ್ರಶ್ನೆ: ಅದೇ ಅಮೆರಿಕದ ಟೆಕ್ಸಸ್‌ನಲ್ಲಿ 1937ರಲ್ಲಿ ಖರ್ಚು ಉಳಿಸಲು ಹತ್ತಿರದ ಪೈಪಿನಿಂದ ಗ್ಯಾಸ್ ಎಳೆದುಕೊಂಡಿದ್ದ ಶಾಲೆಯೊಂದು ಸ್ಫೋಟಗೊಂಡು ಸುಮಾರು 300 ಮಂದಿ, ಹೆಚ್ಚಿನವರು ಮಕ್ಕಳು, ಸತ್ತರು. ಆ ರಾಜ್ಯದಲ್ಲಿ ಇಂಜಿನಿಯರ್‌ಗಳಿಗೆ ಲೈಸೆನ್ಸ್ ಕಡ್ಡಾಯವಾದದ್ದು ಆಮೇಲೆ. ಲೈಸೆನ್ಸೇ ಬೇಡ ಎನ್ನುತ್ತೀರಾ?

ಇಂಜಿನ್: ನಾನೆಲ್ಲಿ ಹಾಗಂದೆ? ಲೈಸೆನ್ಸ್ ಇಲ್ಲದ ಕೈಯಲ್ಲಿ ಒಂದು ದಿನವೂ ತಿರುಗದವನು ನಾನು. ಟೆಕ್ಸಸ್‌ನ ಮಕ್ಕಳನ್ನು ಕೊಂದದ್ದು ಯಾರದೋ ಬೋರ್ಡಿನ ಮೇಲಿನ ಸುಳ್ಳು ಪದವಲ್ಲ, ಯಾರ ಹೊಣೆಯೂ ಇಲ್ಲದೆ ಜೋಡಿಸಿದ ಪೈಪು. ಆ ಪೈಪಿಗೆ ಕೈ ಹಾಕಲು ಪತ್ರ ಬೇಕೆನ್ನಿ, ಒಪ್ಪುತ್ತೇನೆ. ನಮ್ಮಲ್ಲಿ ಈ ಬುದ್ಧಿ ಇಲ್ಲವೆಂದಲ್ಲ, ಚೂರುಚೂರಾಗಿ ಹಂಚಿಹೋಗಿದೆ. ಬಾಯ್ಲರ್ ನಡೆಸುವವನಿಗೆ ಬ್ರಿಟಿಷರ ಕಾಲದಿಂದ ಪ್ರಮಾಣಪತ್ರ ಬೇಕು. ಮನೆಗೆ ಬೆಸ್ಕಾಂ ಮೀಟರ್ ಬರಬೇಕಾದರೆ ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಕಂಟ್ರಾಕ್ಟರ್ ಬೇಕು. 1952ರ ಗಣಿ ಕಾಯಿದೆ ಪ್ರತಿ ಗಣಿಗೂ ನಿಗದಿತ ಅರ್ಹತೆಯ ಒಬ್ಬ ಮ್ಯಾನೇಜರ್ ಇರಲೇಬೇಕು ಎಂದಿತು. ಸಮಿತಿಯಲ್ಲ, ಕಂಪನಿಯಲ್ಲ, ಹೆಸರಿರುವ ಒಬ್ಬ ಮನುಷ್ಯ. ಅಪಾಯ ಎಲ್ಲಿದೆಯೋ ಅಲ್ಲಿ ಪತ್ರ, ಪತ್ರದ ಮೇಲೆ ಒಂದು ಹೆಸರು. ಗಣಿಯ ಈ ಪಾಠ ಮೂರು ಕಿಲೋಮೀಟರ್ ಆಳದಿಂದ ಬಂಗಾರಪೇಟೆಯ ಪಿಲ್ಲರ್ ಗುಂಡಿಯವರೆಗೆ ಇನ್ನೂ ಹತ್ತಿಬಂದಿಲ್ಲ.

ಪ್ರಶ್ನೆ: ಮನೆಯ ನಕ್ಷೆಗೂ ಇಂಜಿನಿಯರ್ ಸಹಿ ಬೇಕಲ್ಲ?

ಇಂಜಿನ್: ಸಹಿ ಬೇಕು, ಇಂಜಿನಿಯರ್ ಬೇಕೆಂದು ಯಾರು ಹೇಳಿದರು? ನಕ್ಷೆಯ ಮೂಲೆಯಲ್ಲಿ ಸೀಲು ಬಿದ್ದರೆ ಕಡತ ಮುಂದಕ್ಕೆ ಹೋಗುತ್ತದೆ. ಮೋಲ್ಡ್ ಹಾಕುವ ದಿನ ಸಿಮೆಂಟಿಗೆ ಎಷ್ಟು ನೀರು ಸುರಿದರು, ಎರಡಂತಸ್ತಿಗೆ ಅನುಮತಿ ಪಡೆದ ಪಾಯದ ಮೇಲೆ ನಾಲ್ಕನೆಯದು ಯಾವಾಗ ಎದ್ದಿತು ಎಂಬುದು ಆ ಸೀಲಿಗೆ ಗೊತ್ತಿರುವುದಿಲ್ಲ. ನನ್ನ ಡ್ರೈವರ್ ಪತ್ರಕ್ಕೆ ಸಹಿ ಹಾಕಿ ರಾಬರ್ಟ್‌ಸನ್‌ಪೇಟೆಯಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದರೆ ಕೇಜು ಎಲ್ಲಿ ನಿಲ್ಲುತ್ತಿತ್ತು? ಅವನ ಪತ್ರಕ್ಕೆ ಬೆಲೆ ಬಂದದ್ದು ಅವನು ಹಿಡಿಕೆಯ ಮುಂದೆ ಕೂತಿದ್ದಕ್ಕೆ. ಸೀಲನ್ನು ಬಾಡಿಗೆಗೆ ಕೊಡಬಹುದು, ಹಾಜರಿಯನ್ನು ಕೊಡಲಾಗದು.

ಪ್ರಶ್ನೆ: ಪರೀಕ್ಷೆ, ಪತ್ರ ಎಂದೊಡನೆ ಕಾಲೇಜು ಮೆಟ್ಟಿಲು ಹತ್ತದ ಮೇಸ್ತ್ರಿ, ಫಿಟ್ಟರುಗಳ ಹೊಟ್ಟೆಯ ಮೇಲೆ ಹೊಡೆತ ಬೀಳುತ್ತದೆ ಎಂಬ ಆಕ್ಷೇಪವಿದೆ.

ಇಂಜಿನ್: ಆಕ್ಷೇಪದಲ್ಲಿ ಹುರುಳಿದೆ, ಈ ಊರಿಗೆ ಅದು ಚೆನ್ನಾಗಿ ಗೊತ್ತು. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದ ಮೇಲೆ ದೊಡ್ಡ ಪದವಿ, ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನವೆಲ್ಲ ಬಿಳಿಯರಿಗೆ. ಶಾಫ್ಟಿನ ತಳ ತಮಿಳು, ತೆಲುಗು ಸೀಮೆಯಿಂದ ಬಂದ ಬಡವರಿಗೆ. ಅಲ್ಲಿ ಪದನಾಮ ಕಾಯುತ್ತಿದ್ದದ್ದು ಬಂಗಲೆಯ ಗೇಟನ್ನು. ಹೆಸರಿಗೆ ಬೇಲಿ ಬೇಡ ಎನ್ನಲು ಇದಕ್ಕಿಂತ ದೊಡ್ಡ ಕಾರಣ ನನ್ನ ಬಳಿ ಇಲ್ಲ. ಆದರೆ ಡ್ರೈವರನ ಪ್ರಮಾಣಪತ್ರ ಕೇಳುತ್ತಿದ್ದದ್ದು ಅನುಭವ, ಕೈಚಳಕ, ಕಣ್ಣು ಕಿವಿ ನೆಟ್ಟಗಿವೆಯೇ ಎಂದು, ಬಿ.ಇ. ಇದೆಯೇ ಎಂದಲ್ಲ. ಕೆಲಸಕ್ಕೆ ಇಡುವ ಪರೀಕ್ಷೆ ಕೆಲಸ ಬಲ್ಲವನಿಗೆ ಏಣಿ. ಪದವಿಗೆ ಕಟ್ಟಿದ ಲೈಸೆನ್ಸು ಫೀಸು ಕಟ್ಟಿದವನಿಗೆ ಏಣಿ.

ಪ್ರಶ್ನೆ: ಆಗ ಕೋಲಾರ ಸೀಮೆಗೇ ಸೇರಿದ್ದ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಯಾವ ಲೈಸೆನ್ಸ್ ಪಡೆದಿದ್ದರು?

ಇಂಜಿನ್: ಪುಣೆಯಲ್ಲಿ ಓದಿ ಪರೀಕ್ಷೆ ಪಾಸಾಗಿ ಲೋಕೋಪಯೋಗಿ ಇಲಾಖೆ ಸೇರಿದರು. ಅಲ್ಲಿ ಕಿರಿಯನ ನಕ್ಷೆಯನ್ನು ಹಿರಿಯ ತಿದ್ದಬೇಕು, ಅಂದಾಜಿಗೆ ಮಂಜೂರಾತಿ ಬೇಕು, ಕಾಮಗಾರಿಗೆ ತಪಾಸಣೆ ಬೇಕು. ಇಲಾಖೆಯೇ ಒಂದು ಜರಡಿ. ಇಂದಿನ ಖಾಸಗಿ ಕಟ್ಟಡಕ್ಕೆ ಆ ಜರಡಿ ಇಲ್ಲ; ಮಾಲೀಕನ ಅವಸರ ಇದೆ. ವಿಶ್ವೇಶ್ವರಯ್ಯನವರಿಗೆ ಲೈಸೆನ್ಸ್ ಇರಲಿಲ್ಲ ಎನ್ನುವವರು ತಮ್ಮ ಮನೆಯ ಬೀಮನ್ನು ಯಾರು ನೋಡಿದರು ಎಂದೂ ಹೇಳಲಿ.

ಪ್ರಶ್ನೆ: ಕೊನೆಯದಾಗಿ, ಸರ್ಕಾರ ಏನು ಮಾಡಬೇಕು?

ಇಂಜಿನ್: ತಪ್ಪಿದರೆ ಪ್ರಾಣ ತೆಗೆಯುವ ಕೆಲಸಗಳ ಪಟ್ಟಿ ಮಾಡಲಿ: ಬಹುಮಹಡಿ ಕಟ್ಟಡ, ಸೇತುವೆ, ನೀರಿನ ಟ್ಯಾಂಕು, ಲಿಫ್ಟು. ಪ್ರತಿಯೊಂದಕ್ಕೂ ಪತ್ರ ಇರುವ ಒಬ್ಬ ಮನುಷ್ಯನ ಹೆಸರು ಕೆಲಸದ ಜಾಗದಲ್ಲೇ ಬರೆದಿರಲಿ, ನಿರ್ಣಾಯಕ ದಿನಗಳಲ್ಲಿ ಅವನು ಅಲ್ಲೇ ನಿಂತಿರಲಿ. ಪರೀಕ್ಷೆ ಅನುಭವಸ್ಥರಿಗೂ ತೆರೆದಿರಲಿ, ತಪ್ಪಿದವನ ಪತ್ರ ಅಮಾನತಾಗಲಿ. ಇನ್‌ಸ್ಪೆಕ್ಟರುಗಳು ಲಂಚ ತಿನ್ನುತ್ತಾರೆ ಎನ್ನುತ್ತೀರಿ, ತಿನ್ನಬಹುದು. ಆದರೆ ಗೋಡೆಯ ಮೇಲೆ ಬರೆದ ಹೆಸರನ್ನು ಬೀದಿಯವರೆಲ್ಲ ಓದುತ್ತಾರೆ, ಕಡತದೊಳಗಿನ ಸೀಲನ್ನು ಓದುವವರಿಲ್ಲ. ಇಷ್ಟಾದ ಮೇಲೆ ಉಳಿದವರೆಲ್ಲ ಧಾರಾಳವಾಗಿ ಇಂಜಿನಿಯರ್ ಎಂದು ಹಾಕಿಕೊಳ್ಳಲಿ. ಲಗ್ನಪತ್ರಿಕೆಯಲ್ಲಿ ವರನ ಹೆಸರಿನ ಮುಂದೆ ಆ ಪದ ಬರುವುದನ್ನು ತಡೆಯುವ ಕಾಯಿದೆಯನ್ನು ಯಾವ ಸಂಸತ್ತೂ ಪಾಸು ಮಾಡಲಾರದು.