ಅರ್ಧ ಹಾಳೆಯ ಕೈಪಿಡಿ

ತಂತ್ರಾಂಶಗಳಿಗೆ ಕೈಪಿಡಿ ಬರೆಯುವ ಮಹನೀಯರು, ಕಲಿಯಬಂದವನು ಒಂದಕ್ಷರವನ್ನು ಒತ್ತುವುದಕ್ಕೆ ಮುಂಚೆಯೇ, ಗಣಕದ ವಂಶಾವಳಿಯನ್ನೂ ತಯಾರಕರ ಹಕ್ಕುಬಾಧ್ಯತೆಗಳನ್ನೂ ಮೆನುಗಳ ಸಹಸ್ರನಾಮವನ್ನೂ ಅವನಿಗೆ ಶ್ರವಣ ಮಾಡಿಸದೆ ಬಿಡುವವರಲ್ಲ. ವರದಮೂಲದ ನಮ್ಮ ಭಾವನವರಿಗೆ ಬೇಕಾಗಿದ್ದುದಾದರೋ, ಕೊಳೆರೋಗಕ್ಕೆ ತುತ್ತಾದ ಅಡಿಕೆ ತೋಟದ ಪರಿಹಾರಕ್ಕಾಗಿ ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಒಂದು ಅರ್ಜಿಯನ್ನು ಟೈಪು ಮಾಡುವುದಷ್ಟೆ. ಮಗ ತಂದಿಟ್ಟಿದ್ದ ದಪ್ಪ ಪುಸ್ತಕದ ಪೀಠಿಕೆಯಲ್ಲಿಯೇ ಅವರ ತಾಳ್ಮೆ ಮುಗಿಯಿತು.

“ಬೋರ್ಡೋ ದ್ರಾವಣ ಮಾಡಲಿಕ್ಕೆ ನನಗೆ ಯಾರಾದರೂ ರಸಾಯನಶಾಸ್ತ್ರ ಹೇಳಿಕೊಟ್ಟಿದ್ದರೇನೋ ಮಾರಾಯ? 100 ಲೀಟರ್ ನೀರಿಗೆ ಒಂದು ಕೇಜಿ ಮೈಲುತುತ್ತ, ಒಂದು ಕೇಜಿ ಸುಣ್ಣ. ಕತ್ತಿ ಅದ್ದಿ ನೋಡು, ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಹಾಕು. ಮುಗಿಯಿತು!”

ಇದೇ ತತ್ತ್ವವನ್ನು ಐಬಿಎಂ ಸಂಶೋಧನಾಲಯದ ಜಾನ್ ಕ್ಯಾರಲ್ ಎಂಬ ವಿದ್ವಾಂಸರು ಹೊಸಬರನ್ನು ಯಂತ್ರದ ಮುಂದೆ ಕೂರಿಸಿ ಪರೀಕ್ಷಿಸಿ, 1990ರಲ್ಲಿ ‘ದಿ ನ್ಯೂರ್ನ್‌ಬರ್ಗ್ ಫನಲ್’ ಎಂಬ ಗ್ರಂಥದಲ್ಲಿ ಪ್ರತಿಪಾದಿಸಿದರು. ತಲೆಗೆ ಆಲಿಕೆಯಿಟ್ಟು ವಿದ್ಯೆಯನ್ನು ಹೊಯ್ಯಬಹುದೆಂಬ ಹಳೆಯ ಜರ್ಮನ್ ಕಲ್ಪನೆಯಿಂದ ಬಂದ ಹೆಸರದು. ಕಲಿಯುವವನು ಕುಳಿತಿರುವುದು ಕೆಲಸ ಮಾಡಲಿಕ್ಕೇ ಹೊರತು ಓದಲಿಕ್ಕಲ್ಲ. ಆದುದರಿಂದ ಪೀಠಿಕೆಯನ್ನು ಕತ್ತರಿಸಿ, ತಪ್ಪನ್ನು ಗುರುತಿಸಿ ತಿದ್ದಿಕೊಳ್ಳುವ ಉಪಾಯಕ್ಕೆ ಜಾಗ ಬಿಡಬೇಕೆಂಬುದು ಅವರ ಮತ. ಸಂಕ್ಷೇಪವನ್ನು ಬೋಧಿಸುವ ಆ ಗ್ರಂಥ ಮಾತ್ರ ಸಾಕಷ್ಟು ದಪ್ಪವಾಗಿಯೇ ಇದೆ. ಇರಲಿ, ಅದೂ ವಿದ್ವಾಂಸರ ಹಕ್ಕು.

ಭಾವನವರಿಗಾಗಿ ನಾನು ರಚಿಸಿದ ಕೈಪಿಡಿ ಅರ್ಧ ಹಾಳೆಯದು. ಮೊದಲ ಪಾಠ ‘ಅಡಿಕೆ’: ಎ, ಡಬ್ಲ್ಯೂ, ಐ, ಕೆ, ಇ. ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸದ ಜಾಡಿನ ‘ನುಡಿ’ಯ ಈ ಕೀಲಿಮಣೆಯಲ್ಲಿ ಡಿ ಕೀಲಿಯನ್ನು ದಕಾರವು ಮೊದಲೇ ಆಕ್ರಮಿಸಿರುವುದರಿಂದ ಡಕಾರವು ಡಬ್ಲ್ಯೂವಿನಲ್ಲಿ ಬಿಡಾರ ಹೂಡಿದೆಯೆಂಬ ವೃತ್ತಾಂತವನ್ನು ಬರೆಯಲು ಕೈ ತುರಿಸುತ್ತಿದ್ದರೂ ಬರೆಯಲಿಲ್ಲ. ಎರಡನೆಯ ಪಾಠ ‘ಇಕ್ಕೇರಿ’: ಎಫ್ ಕೀಲಿಯ ಸಹಾಯವಿಲ್ಲದೆ ಒತ್ತಕ್ಷರವಿಲ್ಲ, ಶಿಫ್ಟಿನ ಅನುಗ್ರಹವಿಲ್ಲದೆ ದೀರ್ಘವಿಲ್ಲ ಎಂಬೆರಡೂ ಅದೊಂದೇ ಹೆಸರಿನಲ್ಲಿ ತಿಳಿದುಹೋಗುತ್ತವೆ. ಮೂರನೆಯದು: ಕನ್ನಡ ಮಾಯವಾಗಿ ಇಂಗ್ಲಿಷು ಪ್ರತ್ಯಕ್ಷವಾದರೆ ಗಾಬರಿಯಾಗದೆ ಸ್ಕ್ರಾಲ್ ಲಾಕ್ ಒತ್ತುವುದು.

ಅರ್ಜಿ ಸಿದ್ಧವಾಯಿತು. ಆಮೇಲೆ ನೋಡುತ್ತೇನೆ, ನಾಡಿಗೆ ವಿದ್ಯುತ್ತು ಕೊಡುವ ಲಿಂಗನಮಕ್ಕಿ ಜಲಾಶಯ ಇರುವ ತಾಲ್ಲೂಕಿನವರಿಗೆ ತಕ್ಕ ಅನುಭವದಿಂದ, ಹಾಳೆಯ ಅಡಿಯಲ್ಲಿ ಭಾವನವರು ಪೆನ್ಸಿಲಿನಲ್ಲಿ ನಾಲ್ಕನೆಯ ಪಾಠವನ್ನೂ ಸೇರಿಸಿದ್ದರು: “ಕರೆಂಟು ಹೋಗುವ ಮೊದಲು ಸೇವ್ ಮಾಡುವುದು. ಹೋದ ಮೇಲೆ ಕವಳ ಹಾಕುವುದು.”