ಕಾಮ್-1 ಸಾಹೇಬರಿಗೊಂದು ಬಹಿರಂಗ ಪತ್ರ

ಶ್ರೀ ಕಾಮ್-1 ಸಾಹೇಬರಿಗೆ,
ಸೀರಿಯಲ್ ಪೋರ್ಟು, ಕಂಪ್ಯೂಟರಿನ ಹಿಂಬದಿ, ತೂಕದ ಕಾಟಾ ಕೋಣೆ, ಸಕ್ಕರೆ ಕಾರ್ಖಾನೆ ಗೇಟು.

ಅಥಣಿ ತಾಲೂಕಿನ ಒಬ್ಬ ಕಬ್ಬು ಬೆಳೆಗಾರ ಮಾಡುವ ನಮಸ್ಕಾರಗಳು. ಇತ್ತ ಕ್ಷೇಮ. ತಮ್ಮ ಕ್ಷೇಮವನ್ನು ಈವರೆಗೆ ಯಾರೂ ವಿಚಾರಿಸಿಲ್ಲ, ಯಾಕೆಂದರೆ ತಾವು ಇದ್ದೀರಿ ಎಂಬುದೇ ನಮ್ಮ ಮಂದಿಗೆ ಗೊತ್ತಿಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ರೈತರು ಚೇರಮನ್ನರನ್ನು ಬಲ್ಲರು, ಡೈರೆಕ್ಟರುಗಳ ಬೀಗರನ್ನೂ ಬಲ್ಲರು, ಕಟಾವಿನ ಚೀಟಿ ಕೊಡುವ ಫೀಲ್ಡ್‌ಮನ್ನನ ಮೊಬೈಲ್ ನಂಬರು ನಿದ್ದೆಯಲ್ಲೂ ಹೇಳುತ್ತಾರೆ. ಬಿಲ್ಲಿನ ಅಂಕಿಯನ್ನು ಹೊತ್ತು ತರುವ ತಮ್ಮ ಹೆಸರು ಮಾತ್ರ ಒಬ್ಬರ ಬಾಯಲ್ಲೂ ಇಲ್ಲ. ಇಷ್ಟು ದೊಡ್ಡ ಹುದ್ದೆಯಲ್ಲಿದ್ದು ಇಷ್ಟು ನಿಗರ್ವಿಯಾಗಿರುವುದು ಈ ಸೀಮೆಯಲ್ಲಿ ತಮ್ಮೊಬ್ಬರಿಗೇ ಸಾಧ್ಯವಾಗಿದೆ.

ನಾವು ದರಕ್ಕಾಗಿ ಹೊಡೆದಾಡುವ ಜನ. 1981ರಲ್ಲಿ ನಿಪ್ಪಾಣಿಯ ತಂಬಾಕು ಬೆಳೆಗಾರರು ದರ ಕೇಳಿ ಹೆದ್ದಾರಿಯ ಮೇಲೆ ಕೂತರು, ಗೋಲಿಬಾರಿನಲ್ಲಿ ಜೀವಗಳು ಹೋದವು. 2025ರ ನವೆಂಬರಿನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಟನ್ನಿಗೆ 3,500 ಬೇಕೆಂದು ಕೂತು, 3,300ಕ್ಕೆ ಎದ್ದೆವು. ಮೊದಲು ಹೇಳಿದ್ದ ದರದ ಮೇಲೆ ನೂರು ರೂಪಾಯಿ ಹೆಚ್ಚಿಸಲು ಮುಖ್ಯಮಂತ್ರಿಗಳೇ ಸಭೆ ಕರೆಯಬೇಕಾಯಿತು. ಆದರೆ ಬಿಲ್ಲು ಅಂದರೆ ದರ ಗುಣಿಸು ತೂಕ. ದರಕ್ಕೆ ಹೋರಾಟವಿದೆ, ಘೋಷಣೆಯಿದೆ, ಹಸಿರು ಟವೆಲ್ಲಿದೆ. ತೂಕ ತಮ್ಮ ಒಂದು ವೈರಿನಲ್ಲಿ ಬರುತ್ತದೆ, ಅದಕ್ಕೆ ಯಾವ ಟವೆಲ್ಲೂ ಇಲ್ಲ. ಇಪ್ಪತ್ತು ಟನ್ನಿನ ಡಬಲ್ ಟ್ರಾಲಿಯಲ್ಲಿ ಆರುನೂರು ಕಿಲೋ ಕಮ್ಮಿ ಬಂತೆನ್ನಿ: 1,980 ರೂಪಾಯಿ. ಗುರ್ಲಾಪುರದಲ್ಲಿ ಗೆದ್ದ ನೂರು ರೂಪಾಯಿ ಇಪ್ಪತ್ತು ಟನ್ನಿಗೆ ಎರಡು ಸಾವಿರ. ಹೋರಾಟ ಎಷ್ಟು ಕೊಟ್ಟಿತೋ ಹೆಚ್ಚುಕಮ್ಮಿ ಅಷ್ಟನ್ನೂ ಒಂದು ಅಂಕಿ ವಾಪಸು ತಗೊಳ್ಳಬಲ್ಲದು, ಲಾಠಿ ಎತ್ತದೆಯೇ.

ತಮ್ಮ ವಂಶಾವಳಿ ತೆಗೆದು ನೋಡಿದೆ. ಆರ್‌ಎಸ್-232 ಎಂಬ ಮನೆತನ, 1960ರ ಹುಟ್ಟು. ಒಂಬತ್ತು ಪಿನ್ನಿನ ಈಗಿನ ರೂಪ ಬಂದದ್ದು 1984ರಲ್ಲಿ, ಐಬಿಎಂ ಕಂಪ್ಯೂಟರಿನ ಜೊತೆ. ಒಂಬತ್ತಿದ್ದರೂ ಕಾಟಾ ಕೋಣೆಯ ಕೆಲಸಕ್ಕೆ ಮೂರು ಸಾಕು: ಎರಡನೆಯದು ಕೇಳಲು, ಮೂರನೆಯದು ಹೇಳಲು, ಐದನೆಯದು ಗ್ರೌಂಡ್. ಲೆಕ್ಕದ ಪದ್ಧತಿಯೂ ವಿಶೇಷ. ತಂತಿಯಲ್ಲಿ ಋಣ ವೋಲ್ಟೇಜು ಬಂದರೆ ಅದು ಒಂದು, ಧನ ವೋಲ್ಟೇಜು ಬಂದರೆ ಸೊನ್ನೆ. ನಮ್ಮ ಸೊಸೈಟಿ ಖಾತೆಯೂ ಹೀಗೇ ಇದೆ. ಜಮಾ ಆದದ್ದು ಸೊನ್ನೆಯಾಗುತ್ತದೆ, ಸಾಲ ಮಾತ್ರ ಎದ್ದು ಕಾಣುತ್ತದೆ.

ಕೆಲಸ ನಡೆಯುವುದು ಹೀಗೆ, ತಪ್ಪಿದ್ದರೆ ತಿದ್ದಬೇಕು. ಕಾಟಾದ ಹಲಗೆಯ ಕೆಳಗೆ ಲೋಡ್ ಸೆಲ್ಲುಗಳಿವೆ. ಟ್ರಾಲಿ ಹತ್ತಿದಾಗ ಅವು ಕೊಡುವುದು ಮಿಲಿವೋಲ್ಟಿನ ಸಣ್ಣ ಸಂಕೇತ. ಅದನ್ನು ಕಿಲೋ ಮಾಡುವವನು ಕೋಣೆಯೊಳಗಿನ ಇಂಡಿಕೇಟರ್. ಅವನು ಕೆಂಪು ಅಂಕಿ ತೋರಿಸುತ್ತಲೇ ಅದೇ ತೂಕವನ್ನು ಅಕ್ಷರಗಳ ಸಾಲು ಮಾಡಿ, ಮತ್ತೆ ಮತ್ತೆ, ತಮ್ಮ ಕಿವಿಗೆ ಊದುತ್ತಾನೆ. ವೇಗ ಸೆಕೆಂಡಿಗೆ 9600 ಬಿಟ್ ಇದ್ದರೆ ಸುಮಾರು 960 ಅಕ್ಷರ. ಕಂಪ್ಯೂಟರಿನಲ್ಲಿ ಕೂತ ಪ್ರೋಗ್ರಾಂ ತಮ್ಮನ್ನು ತೆರೆದು, ಸಾಲು ಓದಿ, ಅಂಕಿ ಹೆಕ್ಕಿ, ಸ್ಲಿಪ್ ಹೊಡೆಯುತ್ತದೆ. ಇಷ್ಟೇ.

ತಮ್ಮ ಪರಮ ಗುಣವೆಂದರೆ ನಂಬಿಕೆ. ಹೇಳಿದವರು ಯಾರೆಂದು ತಾವು ಕೇಳುವುದಿಲ್ಲ. ಇಂಡಿಕೇಟರ್ ಊದಿದರೂ ಸರಿ, ನಡುವೆ ಸೇರಿಕೊಂಡ ಬೆಂಕಿಪೊಟ್ಟಣದಷ್ಟು ಪೆಟ್ಟಿಗೆ ಊದಿದರೂ ಸರಿ, ಅಕ್ಷರದ ಅಳತೆ ಸರಿಯಿದ್ದರೆ ಅದು ತೂಕವೇ. ತಮ್ಮ ಸೆಟ್ಟಿಂಗಿನಲ್ಲಿ ‘ಪ್ಯಾರಿಟಿ’ ಎಂಬ ಒಂದು ಸಣ್ಣ ತಪಾಸಣೆಯ ಕಾಲಂ ಇದೆ. ಸಾಮಾನ್ಯವಾಗಿ ಅಲ್ಲಿ ಬರೆದಿರುವುದು ‘ನನ್’, ಅಂದರೆ ತಪಾಸಣೆ ಇಲ್ಲ. ಇದ್ದರೂ ದಾರಿಯಲ್ಲಿ ಒಂದು ಬಿಟ್ (ಆ ಒಂದು ಇಲ್ಲವೇ ಸೊನ್ನೆ) ತಿರುವುಮುರುವಾದರೆ ಹಿಡಿಯುತ್ತದೆ, ಎರಡಾದರೆ ಸುಮ್ಮನಿರುತ್ತದೆ. ಬೇಕೆಂದೇ ಹೇಳಿದ ಸುಳ್ಳನ್ನಂತೂ ಹಿಡಿಯುವುದೇ ಇಲ್ಲ.

ತಮ್ಮನ್ನು ಓದುವ ಪ್ರೋಗ್ರಾಂ ಬಗ್ಗೆಯೂ ಎರಡು ಮಾತು, ಇದು ಚಾಡಿಯಲ್ಲ. ತಮ್ಮಿಂದ ಸಾಲು ಯಾವಾಗಲೂ ಇಡಿಯಾಗಿ ಬರುವುದಿಲ್ಲ. 24360 ಎಂಬುದು ಮೊದಲು 2436 ಆಗಿ ಬಂದು, ಸೊನ್ನೆ ಹಿಂದಿನಿಂದ ಬರಬಹುದು. ಸಾಲಿನ ಕೊನೆಯ ಗುರುತು ಬರುವ ತನಕ ಕಾಯುವ ವ್ಯವಧಾನ ಬರೆದವನಿಗೆ ಇರಬೇಕು. ಓದದೆ ಬಿಟ್ಟ ಅಕ್ಷರಗಳು ಬಫರಿನಲ್ಲಿ ಸೇರುತ್ತವೆ. ಬಹಳ ಕಡೆ ಅದರ ಅಳತೆ 4,096 ಅಕ್ಷರ, ನಾಲ್ಕೈದು ಸೆಕೆಂಡಿಗೆ ತುಂಬುತ್ತದೆ. ತುಂಬಿದ ಮೇಲೆ ಹೊಸದಕ್ಕೆ ಜಾಗವಿಲ್ಲ. ಅದನ್ನು ಖಾಲಿ ಮಾಡದೆ ಓದಿದರೆ ಸಿಗುವುದು ಹಳೆಯ ತೂಕ, ಬಹುಶಃ ಹಿಂದಿನ ಟ್ರಾಲಿಯದ್ದು. ಅನೇಕ ಇಂಡಿಕೇಟರುಗಳು ಅಲುಗಾಟ ನಿಂತಿದೆಯೋ ಇಲ್ಲವೋ ಎಂದು ಪ್ರತಿ ಸಾಲಿಗೂ ಒಂದಕ್ಷರ ಸೇರಿಸಿ ಕಳಿಸುತ್ತವೆ. ಟ್ರ್ಯಾಕ್ಟರಿನ ಹಾಡಿನ ಡೆಕ್ಕು ಅಬ್ಬರಿಸುತ್ತ, ಎಂಜಿನ್ ನಡುಗುತ್ತ ಇರುವಾಗಲೇ ಬಟನ್ ಒತ್ತುವ ಹುಡುಗನಿಗೆ ಆ ಅಕ್ಷರ ಕಾಣುವುದೇ ಇಲ್ಲ. ಕಾಣಿಸಬೇಕೆಂದು ಯಾರೂ ಬರೆದಿಲ್ಲ.

ತಾವು ಬರೀ ಕೇಳುವವರಲ್ಲ, ಹೇಳುವವರೂ ಹೌದು. ಮೂರನೆಯ ಪಿನ್ನಿನಿಂದ ಇಂಡಿಕೇಟರಿಗೆ ‘ಸೊನ್ನೆ ಮಾಡು’ ಎಂದು ಹುಕುಂ ಕಳಿಸಬಹುದು, ಅವನು ಒಪ್ಪುವ ಜಾತಿಯವನಾಗಿದ್ದರೆ. ಹೊರಗೆ ರೈತನಿಗೆಂದು ನೇತುಹಾಕಿದ ದೊಡ್ಡ ಡಿಸ್‌ಪ್ಲೇಗೆ ಕೆಲವು ಕಡೆ ಅಂಕಿ ಹೋಗುವುದೂ ಇಂಡಿಕೇಟರಿನಿಂದಲ್ಲ, ಕಂಪ್ಯೂಟರಿನಿಂದ. ಅಲ್ಲಿ ನಾವು ಕತ್ತೆತ್ತಿ ನೋಡಿ ಸಮಾಧಾನ ಪಡುವುದು ತೂಕವನ್ನಲ್ಲ, ಪ್ರೋಗ್ರಾಮಿನ ಅಭಿಪ್ರಾಯವನ್ನು.

ಸರಕಾರ ಕಣ್ಣು ಮುಚ್ಚಿ ಕೂತಿದೆ ಅನ್ನಲಾರೆ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ ಇದೆ. ಇಲಾಖೆಯವರು ತೂಕದ ಕಲ್ಲುಗಳನ್ನು ಹೇರಿ ಕಾಟಾ ಪರೀಕ್ಷಿಸುತ್ತಾರೆ, ಮುದ್ರೆ ಒತ್ತುತ್ತಾರೆ. ಮುದ್ರೆ ಬೀಳುವುದು ಕಾಟಾಕ್ಕೆ. ಅಲ್ಲಿಂದ ಹೊರಟ ವೈರು, ತಾವು, ಪ್ರೋಗ್ರಾಂ, ಸ್ಲಿಪ್ಪು, ಈ ನಾಲ್ಕು ಜನರದ್ದು ಮುದ್ರೆಯಿಲ್ಲದ ಸಂಸಾರ. 2017ರಲ್ಲಿ ಉತ್ತರ ಪ್ರದೇಶದ ಪೆಟ್ರೋಲ್ ಪಂಪುಗಳಲ್ಲಿ ಪೊಲೀಸರಿಗೆ ಸಿಕ್ಕಿದ್ದೂ ಎಣ್ಣೆ ಕದ್ದ ಪೈಪಲ್ಲ, ಅಂಕಿ ಉಬ್ಬಿಸುವ ಚಿಪ್ಪು.

ನ್ಯಾಯವಾಗಿ ಇದನ್ನೂ ಬರೆಯಬೇಕು: ಕಡಿದ ಕಬ್ಬು ಒಣಗುತ್ತದೆ. ಹೊರಗಿನ ಕಾಟಾದಲ್ಲಿ ತೂಗಿಸಿ, ಯಾರ್ಡಿನಲ್ಲಿ ಎರಡು ದಿನ ಬಿಸಿಲಿಗೆ ನಿಂತ ಟ್ರಾಲಿ ಕಮ್ಮಿ ತೂಗಿದರೆ ಅದನ್ನೆಲ್ಲ ಕಳ್ಳತನ ಅನ್ನಲಾಗದು. ಮಹಾರಾಷ್ಟ್ರ ಗಡಿಯ ಈಚೆಗೂ ಆಚೆಗೂ ನಮ್ಮವರು ಪ್ರತಿ ಕಮ್ಮಿಯನ್ನೂ ‘ಕಾಟಾಮಾರಿ’, ಅಂದರೆ ತೂಕದ ಮೋಸ, ಎಂದುಬಿಡುತ್ತಾರೆ. ಆದರೆ ಒಣಗಿದ್ದೆಷ್ಟು, ಒಣಗಿಸಿದ್ದೆಷ್ಟು ಎಂದು ತೋರಿಸುವ ಕಾಗದ ಯಾರ ಬಳಿಯೂ ಇಲ್ಲದಿರುವಾಗ ಸಂಶಯವೊಂದೇ ರೈತನ ಕೈಯಲ್ಲಿರುವ ದಾಖಲೆ.

ಆದ್ದರಿಂದ ಬಿನ್ನಹ. ತಮ್ಮ ಕಿವಿಗೆ ಬಿದ್ದ ಪ್ರತಿ ಸಾಲನ್ನೂ, ತಿದ್ದದೆ, ಗಂಟೆ-ನಿಮಿಷ ಸಮೇತ ಒಂದು ಫೈಲಿನಲ್ಲಿ ಬರೆದಿಡುವಂತೆ ಪ್ರೋಗ್ರಾಮಿಗೆ ಹೇಳಿಸಿ. ಕೀಬೋರ್ಡಿನಿಂದ ತೂಕ ಹೊಡೆಯುವ ಕಿಟಕಿ ಇದ್ದರೆ ಮುಚ್ಚಿಸಿ. ಮುಚ್ಚಲು ಮನಸ್ಸಿಲ್ಲದಿದ್ದರೆ, ಕೈಯಿಂದ ಹೊಡೆದದ್ದೆಂದು ಸ್ಲಿಪ್ಪಿನ ಮೇಲೆ ಬೀಳಲಿ. ಹೊರಗಿನ ಡಿಸ್‌ಪ್ಲೇಯ ವೈರು ನೇರ ಇಂಡಿಕೇಟರಿಗೆ ಹೋಗಲಿ. ಇದಕ್ಕೆ ಬೇಕಾದದ್ದು ಒಂದಿಷ್ಟು ಮೀಟರ್ ಕೇಬಲ್ಲು, ಒಬ್ಬ ಹುಡುಗನ ಎರಡು ದಿನದ ಕೆಲಸ, ಆಡಳಿತ ಮಂಡಳಿಯ ಒಂದು ಠರಾವು. ಮೊದಲಿನ ಎರಡು ಚಿಕ್ಕೋಡಿ ಬಜಾರಿನಲ್ಲೇ ಸಿಗುತ್ತವೆ.

ತಮ್ಮ ವಿಶ್ವಾಸಿ,
ಒಬ್ಬ ಕಬ್ಬು ಬೆಳೆಗಾರ

ತಾ.ಕ.: ತಾವು ಒಂದು ಸಲಕ್ಕೆ ಒಂದೇ ಪ್ರೋಗ್ರಾಮಿಗೆ ಬಾಗಿಲು ತೆರೆಯುತ್ತೀರಿ, ಎರಡನೆಯವನು ಬಂದರೆ ‘ಪ್ರವೇಶವಿಲ್ಲ’ ಅನ್ನುತ್ತೀರಿ ಎಂದು ಕೇಳಿದ್ದೇನೆ. ಮಾಪನ ಇಲಾಖೆಯ ಇನ್‌ಸ್ಪೆಕ್ಟರು ಕಲ್ಲು ಹೇರಿಕೊಂಡು ಬಂದ ದಿನ, ಇಂಡಿಕೇಟರ್ ನೋಡಿ ಸಹಿ ಹಾಕುವ ಮೊದಲು, ದಯವಿಟ್ಟು ಪ್ರೋಗ್ರಾಂ ಎಂಬ ಆ ಒಬ್ಬ ಯಜಮಾನನನ್ನು ಹತ್ತು ನಿಮಿಷ ಹೊರಗೆ ಕಳಿಸಿ, ಇನ್‌ಸ್ಪೆಕ್ಟರರ ಲ್ಯಾಪ್‌ಟಾಪಿಗೆ ಅದೇ ವೈರು ಕೊಡಿಸಿ. ಕಲ್ಲಿನ ತೂಕ, ಕೆಂಪು ಅಂಕಿ, ವೈರಿನ ಸಾಲು, ಸ್ಲಿಪ್ಪು, ನಾಲ್ಕೂ ಒಂದೇ ಬಂದರೆ ಮುಂದಿನ ಪತ್ರವನ್ನು ಸಕ್ಕರೆ ಇಳುವರಿಯ ಲೆಕ್ಕ ತೆಗೆಯುವ ಲ್ಯಾಬಿಗೆ ಬರೆಯುತ್ತೇನೆ.